ಬಂದೂಕಿನ ವಾರಸುದಾರಿಕೆ: ತುಮಕೂರು ಸೀಮೆಯಿಂದ ಗಡಿಯಾಚೆಗೆ



ಕಾನೂನನ್ನು ಜನರಿಗೆ ತಿಳಿಯುವಂತೆ ಹೇಳಬೇಕು ಎಂಬುದು ಈ ಉಪನ್ಯಾಸದ ದತ್ತಿಯ ಆಶಯ. ಜಮೀನು, ಮದುವೆ, ಸಾಲ, ಚೆಕ್ಕು ಇವುಗಳ ಬಗ್ಗೆ ವೇದಿಕೆಯ ಮೇಲೆ ಮಾತಾಡುವವರು ಬಹಳ ಮಂದಿ ಇದ್ದಾರೆ. ನಮ್ಮ ಸೀಮೆಯ ನೂರಾರು ಮನೆಗಳಲ್ಲಿ ಗೋಡೆಗೆ ಒರಗಿಯೋ ಬೀರುವಿನ ಒಳಗೋ ಇರುವ ಒಂದು ವಸ್ತುವಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಅದು ಲೈಸೆನ್ಸ್ ಇರುವ ಬಂದೂಕು. ಅದನ್ನು ಇಟ್ಟುಕೊಂಡಿದ್ದ ತಲೆಮಾರಿಗೆ ಈಗ ವಯಸ್ಸಾಗಿದೆ. ಮಕ್ಕಳು ಹೊಸೂರು, ಹಿಂದೂಪುರ, ಪುಣೆ, ಹೈದರಾಬಾದ್ ಎಂದು ಚದುರಿಹೋಗಿದ್ದಾರೆ. ಅಪ್ಪನ ಬಂದೂಕನ್ನು ಬೇರೆ ರಾಜ್ಯದಲ್ಲಿರುವ ಮಗನಿಗೋ ಮಗಳಿಗೋ ತಮ್ಮನಿಗೋ ಕಾನೂನಿನ ಪ್ರಕಾರ ದಾಟಿಸುವುದು ಹೇಗೆ ಎಂಬುದೇ ಇವತ್ತಿನ ನನ್ನ ವಿಷಯ.

ಈ ಬಂದೂಕುಗಳು ಇಲ್ಲಿಗೆ ಶೋಕಿಗಾಗಿ ಬಂದವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗುಬ್ಬಿಯ ತೆಂಗು, ಅಡಿಕೆ ತೋಟಗಳು ಊರಿನಿಂದ ದೂರ ಇರುತ್ತವೆ. ತೋಟದ ಮನೆ ಒಂಟಿ ಮನೆ. ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಕಡೆ ಬೆಟ್ಟ, ಕುರುಚಲು ಕಾಡು ಹೊಲದ ಅಂಚಿಗೇ ಬಂದು ನಿಲ್ಲುತ್ತದೆ. ರಾಗಿ ತೆನೆ ಬಲಿಯುವ ಹೊತ್ತಿಗೆ, ಕಡಲೆಕಾಯಿ ಕೀಳುವ ಹೊತ್ತಿಗೆ ಹಂದಿ ಹಿಂಡು ಇಳಿದರೆ ಒಂದೇ ರಾತ್ರಿಯಲ್ಲಿ ವರ್ಷದ ದುಡಿಮೆ ಹೋಗುತ್ತದೆ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಒಂದಕ್ಕೊಂದು ತಾಗುವ ಭಾಗದಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿದಂತೆ ಜನ ಬಲಿಯಾದದ್ದು ಇಲ್ಲಿ ಕುಳಿತ ಬಹಳಷ್ಟು ಮಂದಿಗೆ ನೆನಪಿದೆ. ಆ ದಿನಗಳಲ್ಲಿ ಸಂಜೆಯಾದ ಮೇಲೆ ಹಸುವಿಗೆ ಹುಲ್ಲು ತರಲು ಹೆಂಗಸರು ಹೊರಡುತ್ತಿರಲಿಲ್ಲ.

ಈ ಕಷ್ಟವನ್ನು ಕಾನೂನೂ ಬಲ್ಲದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ, ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನೂ, ಆತ್ಮರಕ್ಷಣೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನಯನಳಿಗೆ ಬಂದೂಕನ್ನೂ ಹೆಸರಿಸಿಯೇ ಹೇಳುತ್ತದೆ. ನಮ್ಮ ಮನೆಗಳಲ್ಲಿರುವ ಕೇಪಿನ ಕೋವಿ, ಒಂಟಿ ನಳಿಗೆ, ಜೋಡಿ ನಳಿಗೆಯ 12 ಬೋರ್ ಬಂದೂಕುಗಳೆಲ್ಲ ಈ ಬಾಗಿಲಿನಿಂದ ಬಂದವು. ಆದರೆ ಬೆಳೆ ರಕ್ಷಣೆಯ ಲೈಸೆನ್ಸ್ ಇದೆಯೆಂದು ಚಿರತೆಗೆ ಗುಂಡು ಹಾರಿಸುವಂತಿಲ್ಲ. ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ; ಅದನ್ನು ಬೇಟೆಯಾಡಲು ಅನುಮತಿ ಕೊಡಬಲ್ಲವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಮಾತ್ರ. ಮೈಮೇಲೆ ಎರಗಿದಾಗ ಸದ್ಭಾವನೆಯಿಂದ ಜೀವ ಉಳಿಸಿಕೊಂಡದ್ದನ್ನು ಆ ಕಾಯ್ದೆ ಅಪರಾಧವೆನ್ನುವುದಿಲ್ಲ, ಅಷ್ಟೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಜನ ಬಂದೂಕನ್ನು ಜಮೀನಿನ ಸಾಲಿಗೆ ಸೇರಿಸಿ ಯೋಚಿಸುತ್ತಾರೆ. ಅಪ್ಪ ತೀರಿಕೊಂಡರೆ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುತ್ತೇವೆ, ಪೌತಿ ಖಾತೆಗೆ ಅರ್ಜಿ ಹಾಕುತ್ತೇವೆ, ಪಹಣಿಯಲ್ಲಿ ಹೆಸರು ಬರುತ್ತದೆ. ಖಾತೆ ಆಗುವುದು ಆರು ತಿಂಗಳು ತಡವಾದರೂ ಮಗ ಹೊಲ ಉಳುವುದನ್ನು ಯಾರೂ ತಡೆಯುವುದಿಲ್ಲ. ಬಂದೂಕೂ ಹೀಗೆಯೇ ಎಂದು ನಂಬಿ ಕೂತವರನ್ನು ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಬಂದೂಕಿನ ಬೆಲೆ, ಅದನ್ನು ಮಾರಿದರೆ ಬರುವ ಹಣ, ಆಸ್ತಿಯಾಗಿ ಅದರ ಮೇಲಿನ ಹಕ್ಕು ಇವೆಲ್ಲ ವಾರಸುದಾರರಿಗೆ ಬರುತ್ತವೆ. ಅದನ್ನು ವಶದಲ್ಲಿ ಇಟ್ಟುಕೊಳ್ಳುವ ಅಧಿಕಾರ ಮಾತ್ರ ಬರುವುದಿಲ್ಲ. ಆ ಅಧಿಕಾರ ಲೈಸೆನ್ಸಿನಲ್ಲಿದೆ, ಲೈಸೆನ್ಸು ಒಬ್ಬ ವ್ಯಕ್ತಿಗೆ ಕೊಟ್ಟದ್ದು, ಆ ವ್ಯಕ್ತಿಯ ಜೊತೆಗೇ ಅದು ಮುಗಿಯುತ್ತದೆ. ರಿಜಿಸ್ಟರ್ ಆದ ವಿಲ್ಲಿನಲ್ಲಿ ‘ನನ್ನ ಬಂದೂಕು ಕಿರಿಯ ಮಗನಿಗೆ’ ಎಂದು ಬರೆದಿದ್ದರೂ ಲೈಸೆನ್ಸ್ ಇಲ್ಲದೆ ಆ ಮಗ ಅದನ್ನು ಮುಟ್ಟುವ ಹಾಗಿಲ್ಲ.

ಎರಡನೆಯ ತಪ್ಪು ತಿಳಿವಳಿಕೆ ಇನ್ನೂ ಆಳವಾದದ್ದು. ಮಾರಿದರೆ ತಾನೇ ವರ್ಗಾವಣೆ, ಸುಮ್ಮನೆ ಕೊಟ್ಟರೆ ಏನಂತೆ, ಭಾವಮೈದನ ಮನೆಯಲ್ಲಿ ನಾಲ್ಕು ದಿನ ಇಟ್ಟರೆ ಏನಂತೆ ಎನ್ನುತ್ತಾರೆ. ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಂ ಬಾಡಿಗೆಗೆ ಕೊಡುವುದು, ಎರವಲು ಕೊಡುವುದು, ದಾನವಾಗಿ ಕೊಡುವುದು, ವಶ ಬಿಟ್ಟುಕೊಡುವುದು ಎಲ್ಲವನ್ನೂ ವರ್ಗಾವಣೆಯ ಒಳಗೇ ಸೇರಿಸಿದೆ. ಹಣ ಕೈ ಬದಲಾಗಬೇಕಿಲ್ಲ, ಕಾಗದ ಬರೆಯಬೇಕಿಲ್ಲ. ಹಬ್ಬಕ್ಕೆ ಬಂದ ಅಳಿಯ ವಾಪಸು ಹೋಗುವಾಗ ‘ಇದು ಇಲ್ಲಿ ಬಿದ್ದಿದೆ, ನಿಮ್ಮ ತೋಟಕ್ಕಾದರೂ ಆಗುತ್ತೆ, ತಗೊಂಡು ಹೋಗಿ’ ಎಂದು ಮಾವ ಕಾರಿನಲ್ಲಿ ಇಟ್ಟುಕೊಟ್ಟರೆ ಅದೇ ವರ್ಗಾವಣೆ. ಕಾನೂನು ಇದರಲ್ಲಿ ಬಿಟ್ಟಿರುವ ಕಿಂಡಿ ಬಹಳ ಸಣ್ಣದು: ಲೈಸೆನ್ಸ್ ಹೊಂದಿದವರ ಎದುರಿನಲ್ಲಿ, ಇಲ್ಲವೇ ಅವರ ಲಿಖಿತ ಅಧಿಕಾರದ ಮೇಲೆ, ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ಅವರದೇ ಬಳಕೆಗೋ ಇನ್ನೊಬ್ಬರು ಬಂದೂಕನ್ನು ಒಯ್ಯಬಹುದು. 3ನೇ ಕಲಮಿನ ಈ ವಿನಾಯಿತಿ ಬಂದೂಕನ್ನು ಬೇರೆ ಮನೆಯಲ್ಲಿ ಇರಿಸುವುದಕ್ಕೆ ಅನ್ವಯವಾಗುವುದಿಲ್ಲ.

ಒಂದು ಗುಬ್ಬಿ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತಂದೆಗೆ 74 ವರ್ಷ, ಲೈಸೆನ್ಸ್ ಸರಿಯಾಗಿದೆ, ಕಣ್ಣು ಮಂಜಾಗಿದೆ, ತೋಟ ನೋಡಿಕೊಳ್ಳಲು ಆಳಿದ್ದಾನೆ. ಮಗ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಅಲ್ಲೇ ಮನೆ ಮಾಡಿಕೊಂಡಿದ್ದಾನೆ, ಊರಾಚೆ ಒಂದಿಷ್ಟು ಜಮೀನೂ ಇದೆ. ತಂದೆಯ ಬಂದೂಕು ತನಗೆ ಬರಲಿ ಎಂಬುದು ಅವನ ಆಸೆ. ಇದು ಕಾನೂನು ಒಪ್ಪುವ ಆಸೆಯೇ.

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 25ನೇ ನಿಯಮವಿದೆ. ಲೈಸೆನ್ಸ್ ಹೊಂದಿದವರು ತೀರಿಕೊಂಡ ಮೇಲೆ ಅವರ ಕಾನೂನುಬದ್ಧ ವಾರಸುದಾರರಿಗೆ ಲೈಸೆನ್ಸ್ ಕೊಡಬಹುದು ಎನ್ನುತ್ತದೆ ಅದು. ಅಷ್ಟಕ್ಕೇ ನಿಲ್ಲದೆ, ಅವರು ಬದುಕಿರುವಾಗಲೇ, 70 ವರ್ಷ ತುಂಬಿದ್ದರೆ ಅಥವಾ ಬಂದೂಕನ್ನು 25 ವರ್ಷ ಇಟ್ಟುಕೊಂಡಿದ್ದರೆ, ಇವೆರಡರಲ್ಲಿ ಯಾವುದು ಮೊದಲೋ ಆಗ, ತಾವೇ ಹೆಸರಿಸಿದ ವಾರಸುದಾರರಿಗೆ ದಾಟಿಸಬಹುದು ಎಂದೂ ಹೇಳುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ನಿಯಮಾವಳಿಯಲ್ಲಿ ನಮ್ಮ ಸೀಮೆಯ ಹಿರಿಯರಿಗೆ ಅತ್ಯಂತ ಉಪಯೋಗದ ಮಾತು ಇದು; ಅತ್ಯಂತ ಕಡಿಮೆ ಜನಕ್ಕೆ ಗೊತ್ತಿರುವುದೂ ಇದೇ. ತಂದೆ ಬದುಕಿದ್ದಾರೆ, ಸಹಿ ಹಾಕಬಲ್ಲರು, ಬಂದೂಕು ಎಲ್ಲಿ ಯಾವಾಗ ಕೊಂಡದ್ದು ಎಂದು ಹೇಳಬಲ್ಲರು, ಇತರ ಮಕ್ಕಳನ್ನು ಕೂರಿಸಿಕೊಂಡು ಒಪ್ಪಿಸಬಲ್ಲರು. ಅವರು ಹೋದ ಮೇಲೆ ಇದೆಲ್ಲ ನಾಲ್ಕು ಪಟ್ಟು ಕಷ್ಟ.

ಆದರೆ ಮಗ ಇರುವುದು ತಮಿಳುನಾಡಿನಲ್ಲಿ. ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ತುಮಕೂರಿನಲ್ಲಿ ಅಲ್ಲ, ಹೊಸೂರು ಸೇರಿರುವ ಕೃಷ್ಣಗಿರಿ ಜಿಲ್ಲೆಯಲ್ಲಿ. ಅಲ್ಲಿನ ಜಿಲ್ಲಾ ದಂಡಾಧಿಕಾರಿಗಳ ಕಚೇರಿಗೆ ಎ-1 ನಮೂನೆಯಲ್ಲಿ ಮಗ ಅರ್ಜಿ ಹಾಕಬೇಕು. ವಾಸದ ದಾಖಲೆ, ವಯಸ್ಸಿನ ದಾಖಲೆ, ದೈಹಿಕವಾಗಿ ಮಾನಸಿಕವಾಗಿ ಆರೋಗ್ಯವಾಗಿದ್ದೇನೆ, ಮಾದಕ ವಸ್ತುವಿನ ಚಟವಿಲ್ಲ ಎಂಬ ವೈದ್ಯರ ಪತ್ರ, ಬಂದೂಕನ್ನು ಸುರಕ್ಷಿತವಾಗಿ ಇಡುವ ಬಗ್ಗೆ ಮುಚ್ಚಳಿಕೆ ಇವೆಲ್ಲ ಬೇಕು. ಜೊತೆಗೆ ತಂದೆಯ ಲೈಸೆನ್ಸಿನ ಪ್ರತಿ, ಅವರ ಒಪ್ಪಿಗೆ ಪತ್ರ, ಅಕ್ಕತಂಗಿಯರೂ ಸೇರಿ ಉಳಿದ ವಾರಸುದಾರರ ಆಕ್ಷೇಪಣೆ ಇಲ್ಲವೆಂಬ ಅಫಿಡವಿಟ್ಟುಗಳನ್ನು ಕಚೇರಿಗಳು ಕೇಳುತ್ತವೆ. ಅಕ್ಕತಂಗಿಯರು ಎಂದು ಒತ್ತಿ ಹೇಳುತ್ತಿದ್ದೇನೆ. ಬಂದೂಕು ಗಂಡುಮಕ್ಕಳ ವಸ್ತು ಎಂಬ ಭಾವನೆಗೆ ಕಾನೂನಿನ ಆಧಾರ ಯಾವುದೂ ಇಲ್ಲ. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ರಾಜ್ಯ. 2005ರಲ್ಲಿ ಇಡೀ ದೇಶ ಅದನ್ನು ಮಾಡಿತು. ತೋಟ ನೋಡಿಕೊಳ್ಳುತ್ತಿರುವ ಮಗಳೇ ಅರ್ಜಿ ಹಾಕಿದರೆ ಅವಳ ಅರ್ಜಿಗೂ ಅಷ್ಟೇ ತೂಕ. ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸ್ ನಿರಾಕರಿಸುವಂತಿಲ್ಲ ಎಂದು 14ನೇ ಕಲಂ ಸ್ಪಷ್ಟವಾಗಿ ಹೇಳಿದೆ.

ಅರ್ಜಿ ಹೊಸೂರಿನ ಠಾಣೆಗೆ ಹೋಗುತ್ತದೆ, ಪೊಲೀಸ್ ವರದಿ ಬರುತ್ತದೆ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಹಿಂಸೆಯ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ ಆ ಶಿಕ್ಷೆ ಮುಗಿದ ಐದು ವರ್ಷದವರೆಗೆ ಬಂದೂಕು ಹೊಂದುವಂತಿಲ್ಲ. ಶಾಂತಿ ಕಾಪಾಡುವ ಮುಚ್ಚಳಿಕೆಗೆ ಒಳಪಟ್ಟವರೂ ಆ ಅವಧಿಯಲ್ಲಿ ಹೊಂದುವಂತಿಲ್ಲ. ಹೊಲದ ಬದುವಿನ ಜಗಳಕ್ಕೆ ತಹಶೀಲ್ದಾರರ ಮುಂದೆ ಮುಚ್ಚಳಿಕೆ ಬರೆದುಕೊಟ್ಟವರು ನಮ್ಮಲ್ಲಿ ಕಡಿಮೆಯಿಲ್ಲ. ಅದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಇನ್ನೊಂದು ಮಿತಿಯಿದೆ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಮೊದಲು ಅದು ಮೂರಾಗಿತ್ತು. ವಾರಸುದಾರಿಕೆಯಿಂದ ಬಂದ ಬಂದೂಕಿಗೂ ಈ ಮಿತಿ ಅನ್ವಯಿಸುತ್ತದೆ ಎಂದು ಸಂಸತ್ತು ಬರೆದೇ ಇಟ್ಟಿದೆ. ಮಗನ ಹೆಸರಿನಲ್ಲಿ ಈಗಾಗಲೇ ಎರಡಿದ್ದರೆ ತಂದೆಯ ಬಂದೂಕು ಬೇರೆಯವರಿಗೇ ಹೋಗಬೇಕು.

ಮಗನ ಕೈಗೆ ಲೈಸೆನ್ಸ್ ಬಂತು ಎನ್ನೋಣ. ಆಗ ತುಮಕೂರಿನ ಕೆಲಸ. ಕಾಯ್ದೆಯ 5ನೇ ಕಲಂ ಪ್ರಕಾರ ತಂದೆ ನಮ್ಮ ಜಿಲ್ಲಾ ದಂಡಾಧಿಕಾರಿಗಳಿಗೆ, ಅಂದರೆ ಡಿಸಿಯವರಿಗೆ, ಅಥವಾ ಹತ್ತಿರದ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು: ಇಂಥ ಬಂದೂಕನ್ನು ಇಂಥ ವಿಳಾಸದಲ್ಲಿರುವ ಇಂಥವರಿಗೆ ಕೊಡಲು ಉದ್ದೇಶಿಸಿದ್ದೇನೆ ಎಂದು. ತಿಳಿಸಿದ ದಿನದಿಂದ 45 ದಿನ ಕಳೆಯುವವರೆಗೆ ಕೊಡಬಾರದು. ಆ 45 ದಿನ ಇರುವುದು ಸರ್ಕಾರಕ್ಕೆ ಪರಿಶೀಲಿಸಲು ಸಮಯ ಸಿಗಲಿ ಎಂದು. ಹಾಗಾಗಿ ಪತ್ರಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಠಾಣೆಯಿಂದ ಹೊರಬರಬೇಡಿ. ದಿನ ಲೆಕ್ಕ ಹಾಕುವುದು ಆ ಮೊಹರಿನಿಂದಲೇ. ತಂದೆಯ ಲೈಸೆನ್ಸಿನಿಂದ ಬಂದೂಕಿನ ಕ್ರಮಸಂಖ್ಯೆ ತೆಗೆಸಬೇಕು, ಮಗನ ಲೈಸೆನ್ಸಿನಲ್ಲಿ ಅದೇ ಸಂಖ್ಯೆ ನಮೂದಾಗಬೇಕು. ಇಬ್ಬರ ಲೈಸೆನ್ಸಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಯುಐಎನ್, ಇರಬೇಕು. ಹಳೆಯ ಕೈಬರಹದ ಲೈಸೆನ್ಸ್ ಪುಸ್ತಕ ಇಟ್ಟುಕೊಂಡು, ಈ ಸಂಖ್ಯೆ ಬಂದಿದೆಯೋ ಇಲ್ಲವೋ ನೋಡಿರದ ಹಿರಿಯರು ಮೊದಲು ಅದನ್ನು ನೋಡಲಿ.

ಉಳಿಯುವುದು ದಾರಿ. ಗುಬ್ಬಿಯಿಂದ ಹೊಸೂರಿಗೆ ಹೋಗಲು ತುಮಕೂರು, ನೆಲಮಂಗಲ, ಬೆಂಗಳೂರು ದಾಟಿ ಅತ್ತಿಬೆಲೆಯಲ್ಲಿ ರಾಜ್ಯದ ಗಡಿ ಮುಟ್ಟಬೇಕು. ಪ್ರತಿ ಲೈಸೆನ್ಸಿನ ಮೇಲೂ ಅದು ಎಲ್ಲೆಲ್ಲಿ ಊರ್ಜಿತ ಎಂದು ಬರೆದಿರುತ್ತದೆ. ಜಿಲ್ಲೆಗೋ ರಾಜ್ಯಕ್ಕೋ ಇಡೀ ಭಾರತಕ್ಕೋ ಎಂಬುದನ್ನು ಓದಿ ನೋಡಬೇಕು. ತಂದೆಯ ಲೈಸೆನ್ಸ್ ಕರ್ನಾಟಕಕ್ಕೆ ಸೀಮಿತವಾಗಿದ್ದರೆ ಅತ್ತಿಬೆಲೆ ದಾಟಿದ ಕೂಡಲೇ ಅದು ಬರಿಯ ಕಾಗದ. ಮಗನ ಲೈಸೆನ್ಸ್ ತಮಿಳುನಾಡಿಗೆ ಸೀಮಿತವಾಗಿದ್ದರೆ ಅತ್ತಿಬೆಲೆಯ ಈಚೆ ಅದು ಬರಿಯ ಕಾಗದ. ಇಬ್ಬರ ಬಳಿಯೂ ಲೈಸೆನ್ಸ್ ಇದ್ದೂ ಬಂದೂಕು ಮಾತ್ರ ಗಡಿ ದಾಟಲಾರದ ಸ್ಥಿತಿ ಇದು. ಆದ್ದರಿಂದ ಸಾಗಣೆಗೆ ಪ್ರತ್ಯೇಕ ಅನುಮತಿಯನ್ನು ಲಿಖಿತವಾಗಿ ಪಡೆಯಬೇಕು, ಅಥವಾ ಪರವಾನಗಿ ಪಡೆದ ಬಂದೂಕು ವ್ಯಾಪಾರಿಗಳ ಮೂಲಕ ದಾಟಿಸಬೇಕು. ಬಸ್ಸಿನ ಲಗೇಜಿನಲ್ಲಿ, ತೆಂಗಿನಕಾಯಿ ಲಾರಿಯಲ್ಲಿ, ಕೊರಿಯರ್ ಪೊಟ್ಟಣದಲ್ಲಿ ಕಳಿಸುವ ಯೋಚನೆ ಯಾರ ತಲೆಗೂ ಬರಬಾರದು. ತೋಟಾಗಳಿಗೂ ಇದೇ ಕಾನೂನು. ಬಂದೂಕಿನ ಕಾಗದವನ್ನೆಲ್ಲ ಸರಿಮಾಡಿಕೊಂಡು, ಡಬ್ಬಿಯಲ್ಲಿ ಉಳಿದ ಹತ್ತು ತೋಟಾ ಮರೆತರೆ ಅದೇ ಸಾಕು ಕೇಸಿಗೆ.

ಇನ್ನು ಕುಣಿಗಲ್ ಕಡೆಯ ಒಂದು ಮನೆಗೆ ಹೋಗೋಣ; ಇದೂ ಕಲ್ಪಿತವೇ. ಯಜಮಾನರು ತೀರಿಕೊಂಡು ಎರಡು ವರ್ಷವಾಗಿದೆ. ಮನೆಯಲ್ಲಿ ವಿಧವೆ ತಾಯಿ ಒಬ್ಬರೇ. ಬಂದೂಕು ಮಂಚದ ಕೆಳಗೆ, ಗೋಣಿಯಲ್ಲಿ ಸುತ್ತಿಟ್ಟಂತೆ ಇದೆ. ಯಜಮಾನರ ತಮ್ಮ ಮಡಕಶಿರಾದಲ್ಲಿ ನೆಲೆಸಿದ್ದಾರೆ, ‘ಅಣ್ಣನ ನೆನಪಿಗೆ ಅದು ನನಗೆ ಇರಲಿ ಅತ್ತಿಗೆ’ ಎನ್ನುತ್ತಾರೆ. ಮಡಕಶಿರಾ, ರೊಳ್ಳ, ಅಮರಾಪುರ ಕಡೆಯ ಊರುಗಳಲ್ಲಿ ಕನ್ನಡವೇ ಮನೆಮಾತಾದ ಸಾವಿರಾರು ಕುಟುಂಬಗಳಿವೆ. ನಮ್ಮ ಪಾವಗಡ ತಾಲ್ಲೂಕಂತೂ ಆಂಧ್ರದ ನೆಲ ಬಹುತೇಕ ಸುತ್ತುವರಿದ ತಾಲ್ಲೂಕು. ಹೆಣ್ಣು ಕೊಡುವುದು, ತರುವುದು, ಜಾತ್ರೆ, ಸಂತೆ ಯಾವುದಕ್ಕೂ ಆ ಗಡಿ ಅಡ್ಡ ಬಂದಿಲ್ಲ. ಬಂದೂಕಿಗೆ ಬರುತ್ತದೆ.

ಈ ತಾಯಿಗೆ ಇಂದು ತಿಳಿಯಬೇಕಾದ ಕಠಿಣ ಸತ್ಯವೆಂದರೆ ಗಂಡ ತೀರಿಕೊಂಡ ದಿನದಿಂದ ಆ ಬಂದೂಕು ಅವರ ಮನೆಯಲ್ಲಿ ಇರುವುದೇ ಕಾನೂನುಬಾಹಿರ. 21ನೇ ಕಲಂ ಪ್ರಕಾರ, ಯಾವುದೇ ಕಾರಣದಿಂದ ಬಂದೂಕಿನ ವಶ ಕಾನೂನುಬದ್ಧವಲ್ಲದಾದಾಗ ಅನಗತ್ಯ ವಿಳಂಬ ಮಾಡದೆ ಅದನ್ನು ಹತ್ತಿರದ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು. ಠೇವಣಿ ಇಟ್ಟರೆ ಬಂದೂಕು ಸರ್ಕಾರದ ಪಾಲಾಯಿತು ಎಂಬ ಭಯ ಹಳ್ಳಿಗಳಲ್ಲಿ ಬಹಳವಿದೆ. ಅದು ನಿಜವಲ್ಲ. ಲೈಸೆನ್ಸ್ ಪಡೆದು ಅರ್ಹರಾದರೆ ಹಿಂದಕ್ಕೆ ಪಡೆಯುವ ಹಕ್ಕು, ಇಲ್ಲವೇ ಅರ್ಹರಿಗೆ ಮಾರಿ ಹಣ ಪಡೆಯುವ ಹಕ್ಕು ಅದೇ ಕಲಮಿನಲ್ಲಿದೆ, ಸತ್ತವರ ವಾರಸುದಾರರಿಗೂ ಇದೆ. ನಿಗದಿತ ಅವಧಿಯಲ್ಲಿ ಎರಡನ್ನೂ ಮಾಡದೆ ಬಿಟ್ಟರೆ ಮಾತ್ರ ಜಿಲ್ಲಾ ದಂಡಾಧಿಕಾರಿಗಳು ಮುಟ್ಟುಗೋಲಿಗೆ ಆದೇಶ ಮಾಡಬಹುದು. ಅದಕ್ಕೂ ಮೊದಲು ಕಾರಣ ಕೇಳಿ ನೋಟಿಸು ಕೊಡಬೇಕು. ಹಾಗಾಗಿ ಆ ತಾಯಿ ಮಾಡಬೇಕಾದದ್ದು ಬಂದೂಕನ್ನೂ ತೋಟಾಗಳನ್ನೂ ಗಂಡನ ಲೈಸೆನ್ಸನ್ನೂ ಮರಣ ಪ್ರಮಾಣಪತ್ರದ ಜೊತೆ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು. ಹೊತ್ತೊಯ್ಯಲು ಹೆದರಿಕೆಯಾದರೆ ಠಾಣೆಗೆ ಪತ್ರ ಬರೆದು ಪೊಲೀಸರನ್ನೇ ಮನೆಗೆ ಕರೆಸಿಕೊಳ್ಳಲಿ. ತಡವಾಗಿದೆ ಎಂದು ಇನ್ನೂ ತಡಮಾಡುವುದೇ ದೊಡ್ಡ ಅಪಾಯ. ತಾನಾಗಿ ಬಂದು ಒಪ್ಪಿಸಿದವರಿಗೂ ತಪಾಸಣೆಯಲ್ಲಿ ಸಿಕ್ಕಿಬಿದ್ದವರಿಗೂ ನ್ಯಾಯಾಲಯದ ಕಣ್ಣಿನಲ್ಲಿ ಬಹಳ ಅಂತರವಿದೆ.

ಮನೆಯಲ್ಲೆಲ್ಲ ಹುಡುಕಿದರೂ ಬಂದೂಕು ಸಿಗದಿದ್ದರೆ ಗಾಬರಿಯಾಗುವ ಮೊದಲು ಹಳೆಯ ಕಾಗದಗಳಲ್ಲಿ ಚುನಾವಣೆಯ ರಸೀದಿ ಹುಡುಕಿ. ಪ್ರತಿ ಚುನಾವಣೆಗೂ ಬಂದೂಕನ್ನು ಠಾಣೆಯಲ್ಲಿಟ್ಟು ಬರುವುದು ನಮ್ಮ ಜಿಲ್ಲೆಯವರಿಗೆ ರೂಢಿ. ಇಟ್ಟವರು ಹಿಂದಕ್ಕೆ ತರುವ ಮುನ್ನವೇ ಕಣ್ಣು ಮುಚ್ಚಿರಬಹುದು.

ಠೇವಣಿ ಆದ ಮೇಲೆ ಯಜಮಾನರ ತಮ್ಮ, ಮಡಕಶಿರಾ ಸೇರಿರುವ ಜಿಲ್ಲೆಯಲ್ಲಿ ಅರ್ಜಿ ಹಾಕಬೇಕು. ಮೊದಲು ಅದು ಅನಂತಪುರ. 2022ರ ಏಪ್ರಿಲ್‌ನಿಂದ ಅದು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆ. ಹಳೆಯ ವಿಳಾಸಕ್ಕೆ ಕಳಿಸಿದ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ. ಹೆಂಡತಿ ಮಕ್ಕಳು ಇರುವಾಗ ತಮ್ಮ ವಾರಸುದಾರ ಹೇಗಾದಾನು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅತ್ತಿಗೆ ಮತ್ತು ಅಣ್ಣನ ಮಕ್ಕಳು ಒಪ್ಪಿದರೂ, ವಾರಸುದಾರಿಕೆಯ ದಾರಿ ಮುಚ್ಚಿದರೆ ಅವರು ಎಲ್ಲರಂತೆ ಸಾಮಾನ್ಯ ಅರ್ಜಿದಾರರಾಗಿ ಲೈಸೆನ್ಸ್ ಪಡೆದು, ಠೇವಣಿಯಲ್ಲಿರುವ ಬಂದೂಕನ್ನು ಅತ್ತಿಗೆಯಿಂದ ಪಡೆಯಬಹುದು. ದಾರಿ ಉದ್ದವಾದರೂ ಇದೆ. ಅರ್ಜಿ ತಿರಸ್ಕಾರವಾದರೆ ಕಾರಣ ಬರೆದು ದಾಖಲಿಸುವುದು ಅಧಿಕಾರಿಗಳ ಕರ್ತವ್ಯ, 18ನೇ ಕಲಂ ಅಡಿ ಮೇಲ್ಮನವಿ ಹಾಕುವುದು ಅರ್ಜಿದಾರರ ಹಕ್ಕು.

ಕಮ್ಮಾರನಿಂದ ಮಾಡಿಸಿದ, ಲೈಸೆನ್ಸೇ ಇಲ್ಲದ ನಾಡ ಬಂದೂಕು ತಾತನ ಕಾಲದಿಂದ ಅಟ್ಟದಲ್ಲಿದ್ದರೆ ಈ ಯಾವ ದಾರಿಯೂ ಅದಕ್ಕಿಲ್ಲ. ಅದನ್ನು ಯಾರಿಗೂ ದಾಟಿಸಬೇಡಿ, ವಕೀಲರ ಮೂಲಕ ಠಾಣೆಗೆ ಒಪ್ಪಿಸಿ. ‘ಅದು ಹಾಳಾಗಿದೆ, ಗುಂಡು ಹಾರೋದಿಲ್ಲ’ ಎಂಬ ಸಮಾಧಾನ ಸಾಲದು. ರಿಪೇರಿ ಮಾಡಿದರೂ ಬಂದೂಕಾಗಿ ಬಳಸಲಾಗದಂಥ ಹಳೆಯ ವಸ್ತುವಿಗೆ ಮಾತ್ರ 45ನೇ ಕಲಂ ರಿಯಾಯಿತಿ ಕೊಡುತ್ತದೆ. ರಿಪೇರಿಯಾಗಬಲ್ಲದ್ದು ಬಂದೂಕೇ.

ಶಿಕ್ಷೆಯ ಮಾತನ್ನು ಹೆದರಿಸಲು ಹೇಳುತ್ತಿಲ್ಲ, ಅಂತರ ತಿಳಿಯಲಿ ಎಂದು ಹೇಳುತ್ತೇನೆ. ಲೈಸೆನ್ಸ್ ಇರುವ ಸಂಬಂಧಿಗೇ ಕೊಟ್ಟರೂ, ತಿಳಿಸದೆ ಅಥವಾ 45 ದಿನ ಕಾಯದೆ ಕೊಟ್ಟರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ಇಲ್ಲದ ಸಂಬಂಧಿಯ ಬಳಿ ಅದೇ ಬಂದೂಕು ಸಿಕ್ಕರೆ, 2019ರ ತಿದ್ದುಪಡಿಯ ನಂತರ ಅವರಿಗೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆ. ಪಡೆಯುವವರಿಗೆ ಅರ್ಹತೆ ಇದೆಯೇ ಎಂದು ಖಚಿತಪಡಿಸಿಕೊಳ್ಳದೆ ಕೊಟ್ಟವರೂ ಅಪರಾಧಿಯೇ. ಪ್ರೀತಿಯಿಂದ ಕೊಟ್ಟ ಉಡುಗೊರೆ ಮಗನ ಕೆಲಸ, ಪಾಸ್‌ಪೋರ್ಟು, ಮರ್ಯಾದೆ ಎಲ್ಲವನ್ನೂ ಕಿತ್ತುಕೊಳ್ಳಬಹುದು.

ಇಷ್ಟು ಬಿಗಿ ಯಾಕೆ ಎಂದು ಯುವಕರು ಕೇಳುತ್ತಾರೆ. ಇದಕ್ಕೆ ಇತಿಹಾಸವಿದೆ. 1878ರ ಬ್ರಿಟಿಷ್ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರನ್ನು ನಿಶ್ಶಸ್ತ್ರರನ್ನಾಗಿಸಿತು; ಅದರ ಮೇಲಿನ ಸಿಟ್ಟು ಸ್ವಾತಂತ್ರ್ಯ ಚಳವಳಿಯಲ್ಲಿ ಎಷ್ಟಿತ್ತೆಂದರೆ 1931ರ ಕರಾಚಿ ಕಾಂಗ್ರೆಸ್ ನಿರ್ಣಯ, ನಿಯಮಗಳಿಗೆ ಒಳಪಟ್ಟು ಶಸ್ತ್ರ ಹೊಂದುವ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಗೆ ಸೇರಿಸಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಸಂವಿಧಾನಕ್ಕೂ ಸೇರಿಸಬೇಕೆಂದು ತಿದ್ದುಪಡಿ ತಂದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ. ಒತ್ತಾಯಿಸಬೇಕಾದದ್ದು ಶಸ್ತ್ರ ಹಿಡಿಯುವ ಹಕ್ಕಿಗಾಗಿ ಅಲ್ಲ, ದೇಶಕ್ಕೆ ಅಗತ್ಯ ಬಿದ್ದಾಗ ಹಿಡಿಯುವ ಕರ್ತವ್ಯಕ್ಕಾಗಿ ಎಂಬುದು ಅವರ ವಾದದ ತಿರುಳು. ಸಭೆ ಅಂಬೇಡ್ಕರರ ಜೊತೆ ನಿಂತಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೂ, ಅಮೆರಿಕದ ಸಂವಿಧಾನದಲ್ಲಿರುವಂಥ ಶಸ್ತ್ರದ ಹಕ್ಕು ನಮ್ಮಲ್ಲಿಲ್ಲ ಎಂದು ಹೇಳಿತು. ಕಾಮತರ ಸ್ವಾಭಿಮಾನವನ್ನು ನಾನು ಗೌರವಿಸುತ್ತೇನೆ. ಆದರೆ ಮನೆಯ ಜಗಳ, ಕುಡಿತ, ಸಾಲದ ಹತಾಶೆಗಳ ನಡುವೆ ಕೈಗೆಟುಕುವ ಬಂದೂಕು ಏನು ಮಾಡಬಲ್ಲದು ಎಂದು ಯೋಚಿಸಿದರೆ ಅಂಬೇಡ್ಕರರ ನಿಲುವೇ ಸರಿ ಎನಿಸುತ್ತದೆ. ಹೊಸಬರ ಕೈಗೆ ಬಂದೂಕು ಹೋಗುವಾಗ ಅವರ ಮನಸ್ಸು, ಆರೋಗ್ಯ, ನಡತೆಯನ್ನು ಹೊಸದಾಗಿ ನೋಡಲೇಬೇಕು. ಅಪ್ಪನ ಒಳ್ಳೆಯತನ ಮಗನಿಗೆ ಜಾಮೀನಾಗುವುದಿಲ್ಲ.

ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ, ನಮಗೇಕೆ ಎಂಬ ಪ್ರಶ್ನೆಯೂ ಬರುತ್ತದೆ. ಕೊಡವರಿಗೂ ಜಮ್ಮಾ ಭೂಮಿ ಹೊಂದಿದವರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದು 41ನೇ ಕಲಂ ಅಡಿ ಒಂದು ಸಮುದಾಯಕ್ಕೆ, ಒಂದು ನೆಲಕ್ಕೆ ಕೊಟ್ಟದ್ದು. ತುಮಕೂರಿಗೆ ಅದರಿಂದ ಏನೂ ಬರುವುದಿಲ್ಲ.

ಅಮೆರಿಕದ ಮಾತು ಬಂದದ್ದರಿಂದ ಅಲ್ಲಿ ಮಕ್ಕಳಿರುವ ಪೋಷಕರಿಗೆ ಒಂದು ಮಾತು. ಬಂದೂಕಿನ ಸ್ವಾತಂತ್ರ್ಯಕ್ಕೆ ಹೆಸರಾದ ಆ ದೇಶದಲ್ಲೂ, 1968ರ ಕಾಯ್ದೆಯಿಂದೀಚೆಗೆ, ಒಂದು ರಾಜ್ಯದ ತಂದೆ ಇನ್ನೊಂದು ರಾಜ್ಯದ ಮಗನಿಗೆ ನೇರವಾಗಿ ಬಂದೂಕು ಉಡುಗೊರೆ ಕೊಡುವಂತಿಲ್ಲ. ಪರವಾನಗಿ ಪಡೆದ ವ್ಯಾಪಾರಿಯ ಮೂಲಕವೇ ಹೋಗಬೇಕು. ವಿಲ್ಲಿನಿಂದಲೋ ವಾರಸುದಾರಿಕೆಯಿಂದಲೋ ಬಂದದ್ದಕ್ಕೆ ಮಾತ್ರ ಅಲ್ಲಿ ವಿನಾಯಿತಿ. ಎಚ್-1ಬಿ ಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೆಲವು ವಿನಾಯಿತಿಗಳ ಹೊರತು ಅಲ್ಲಿ ಬಂದೂಕು ಹೊಂದುವುದೇ ಅಪರಾಧ.

ಕಡೆಯದಾಗಿ, ಆಡಳಿತಕ್ಕೆ ಒಂದು ಬೇಡಿಕೆ. ಈ ಕಾನೂನು ಜನರಿಗೆ ತಿಳಿಯದಿರಲು ಜನರಷ್ಟೇ ಕಾರಣರಲ್ಲ. ನಮೂನೆಗಳು ಇಂಗ್ಲಿಷಿನಲ್ಲಿವೆ, ಪಕ್ಕದ ರಾಜ್ಯದ ಕಚೇರಿ ಕೇಳುವ ಪತ್ರ ಈ ಕಚೇರಿಯವರಿಗೆ ಗೊತ್ತಿರುವುದಿಲ್ಲ, ಮುದುಕರು ಒಂದೇ ಸಹಿಗಾಗಿ ಹೋಬಳಿಯಿಂದ ಜಿಲ್ಲಾ ಕೇಂದ್ರಕ್ಕೆ ತಿರುಗುತ್ತಾರೆ. ಬಂದೂಕಿನ ವಾರಸುದಾರಿಕೆ, ಠೇವಣಿ, ಅಂತರರಾಜ್ಯ ವರ್ಗಾವಣೆ ಇವುಗಳ ವಿವರ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚಾಗಿ ಪ್ರತಿ ಠಾಣೆಯ, ಪ್ರತಿ ನಾಡಕಚೇರಿಯ ಗೋಡೆಯ ಮೇಲಿರಬೇಕು. ಪೌತಿ ಖಾತೆಗೆ ಬಂದವರನ್ನು ‘ಮನೆಯಲ್ಲಿ ಬಂದೂಕಿತ್ತೇ’ ಎಂದು ಗ್ರಾಮ ಆಡಳಿತಾಧಿಕಾರಿ ಒಂದು ಪ್ರಶ್ನೆ ಕೇಳಿದರೆ ಎಷ್ಟೋ ವಿಧವೆಯರು ಕೇಸಿನಿಂದ ಪಾರಾಗುತ್ತಾರೆ. ಕಾನೂನು ವಿದ್ಯಾರ್ಥಿಗಳು ಈ ಹಾಳೆಯ ಕರಡನ್ನು ಸಿದ್ಧಪಡಿಸಿ ಜಿಲ್ಲಾಡಳಿತದ ಮುಂದಿಡಬೇಕೆಂದು ಕೇಳಿಕೊಳ್ಳುತ್ತೇನೆ. ತಿದ್ದಿಕೊಡುವ ಕೆಲಸ ನನ್ನದು.

ಮನೆಯಲ್ಲಿ ಬಂದೂಕು ಇರುವವರು ಇವತ್ತು ಹೋದ ಮೇಲೆ ಲೈಸೆನ್ಸ್ ತೆಗೆದು ಅದರ ಅವಧಿ, ವ್ಯಾಪ್ತಿ, ಯುಐಎನ್ ಸಂಖ್ಯೆ ಮೂರನ್ನೂ ಓದಿ. ಎಪ್ಪತ್ತು ದಾಟಿದವರು ಇದ್ದರೆ ಅದು ಯಾರಿಗೆ ಹೋಗಬೇಕೆಂದು ಅವರನ್ನೇ ಕೇಳಿ ಬರೆಸಿಕೊಳ್ಳಿ. ಲೈಸೆನ್ಸ್ ಇದ್ದವರು ಈಗಾಗಲೇ ತೀರಿಕೊಂಡಿದ್ದರೆ ಮಾತ್ರ ಯಾರಿಗೆ ಎಂಬ ಮಾತು ಆಮೇಲಿರಲಿ. ನಾಳೆ ಬೆಳಿಗ್ಗೆ ಠಾಣೆಗೆ ಒಪ್ಪಿಸಿ, ರಸೀದಿ ತೆಗೆದುಕೊಳ್ಳಿ.